ನೆಟ್ಟಗೆ ನಿಲ್ಲುವ ಕೆಲಸ: ದೇಹದ ಸಮತೋಲನವನ್ನು ಅರಿಯಲು, ಅಳೆಯಲು, ಗಟ್ಟಿಗೊಳಿಸಲು ಒಂದು ಸಮಗ್ರ ಮಾರ್ಗದರ್ಶಿ

ಮಕ್ಕಳು ಉದ್ದನೆಯ ಕೋಲೊಂದನ್ನು ಅಂಗೈ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು ಆಡುವುದನ್ನು ನೋಡಿರುತ್ತೀರಿ. ಕೋಲು ನಿಂತಂತೆ ಕಾಣುತ್ತದೆ, ಕೆಳಗಿನ ಕೈ ಮಾತ್ರ ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ಕೋಲು ವಾಲಿದ ಕಡೆಗೆ ಅದು ಓಡುತ್ತಲೇ ಇರುತ್ತದೆ. ಮನುಷ್ಯ ಎರಡು ಕಾಲಿನ ಮೇಲೆ ನಿಲ್ಲುವುದೂ ಇದೇ ರೀತಿಯಲ್ಲಿ. ನಾವು ನಿಂತಿರುವಷ್ಟು ಹೊತ್ತೂ ಬೀಳಲು ತೊಡಗುತ್ತಿರುತ್ತೇವೆ, ದೇಹ ನಮಗೆ ಹೇಳದೆಯೇ ಆ ಬೀಳುವಿಕೆಯನ್ನು ತಿದ್ದುತ್ತಿರುತ್ತದೆ. ವಯಸ್ಸಾದಾಗ ಅಥವಾ ಕಾಯಿಲೆ ಬಂದಾಗ ಕುಗ್ಗುವುದು ಕಾಲಿನ ಬಲ ಮಾತ್ರವಲ್ಲ, ಹೀಗೆ ತಿದ್ದಿಕೊಳ್ಳುವ ವೇಗ ಮತ್ತು ನಿಖರತೆ ಕೂಡ. ತಿದ್ದಿಕೊಳ್ಳುವುದು ಕಲಿತು ಬಂದ ಕೌಶಲವಾದ್ದರಿಂದ ಅದನ್ನು ಮತ್ತೆ ಕಲಿಸಬಹುದು. ಐವತ್ತು ದಾಟಿದವರಿಗೂ, ಮನೆಯಲ್ಲಿ ವಯಸ್ಸಾದ ತಂದೆ ತಾಯಿಯರನ್ನು ನೋಡಿಕೊಳ್ಳುತ್ತಿರುವವರಿಗೂ ಅನುಕೂಲವಾಗುವಂತೆ, ಸಮತೋಲನದ ವ್ಯವಸ್ಥೆಯನ್ನು ಮನೆಯಲ್ಲೇ ಅರಿತು, ಅಳೆದು, ಹನ್ನೆರಡು ವಾರಗಳಲ್ಲಿ ಬಲಪಡಿಸಿಕೊಳ್ಳುವ ಕ್ರಮವನ್ನು ಇಲ್ಲಿ ಕೊಟ್ಟಿದೆ.

ಆರಂಭಿಸುವ ಮುನ್ನ

ಕಳೆದ ಆರು ತಿಂಗಳಲ್ಲಿ ಬಿದ್ದವರು, ಮೊಣಕಾಲು ಅಥವಾ ಸೊಂಟದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು, ಈಚೆಗೆ ತಲೆಸುತ್ತು ಶುರುವಾದವರು ಮೊದಲು ವೈದ್ಯರನ್ನು ಕಾಣಬೇಕು. ಉಳಿದವರು ಗೋಡೆಗಳೆರಡು ಕೂಡುವ ಮೂಲೆಗೆ ಬೆನ್ನು ಮಾಡಿ, ಮುಂದೆ ಜಾರದಂತಹ ಭಾರದ ಕುರ್ಚಿಯೊಂದನ್ನು ಇಟ್ಟುಕೊಳ್ಳಲಿ. ಆಗ ಯಾವ ಕಡೆ ವಾಲಿದರೂ ಹಿಡಿಯಲು ಆಸರೆ ಇರುತ್ತದೆ. ಬರಿಗಾಲಿನಲ್ಲಿರಿ, ಒಬ್ಬರು ಪಕ್ಕದಲ್ಲಿರಲಿ. ಪ್ಲಾಸ್ಟಿಕ್ ಕುರ್ಚಿ ಬೇಡ, ಒರಗಿದರೆ ಅದೂ ನಿಮ್ಮೊಂದಿಗೆ ಬೀಳುತ್ತದೆ.

ಹಂತ 1: ನಿಮ್ಮದೇ ತೂಗಾಟವನ್ನು ಗಮನಿಸಿ

ಪಾದಗಳನ್ನು ಜೋಡಿಸಿ ನಿಂತು ಕಣ್ಣು ಮುಚ್ಚಿ, ಗಮನವನ್ನೆಲ್ಲ ಅಂಗಾಲಿಗೆ ಕೊಡಿ. ಭಾರವು ಹಿಮ್ಮಡಿಯಿಂದ ಬೆರಳಿಗೆ, ಬೆರಳಿನಿಂದ ಹಿಮ್ಮಡಿಗೆ ನಿಧಾನವಾಗಿ ಸರಿದಾಡುವುದು ತಿಳಿಯುತ್ತದೆ. ಇದು ದೋಷವಲ್ಲ. ನಿಂತಾಗ ನಮ್ಮ ಗುರುತ್ವ ಕೇಂದ್ರವು ಹೊಕ್ಕುಳಿಗಿಂತ ಕೆಳಗೆ, ಬೆನ್ನುಮೂಳೆಯ ಬುಡದಲ್ಲಿರುವ ತ್ರಿಕಾಸ್ಥಿಯ ತುಸು ಮುಂದೆ ಇರುತ್ತದೆ, ಅಲ್ಲಿಂದ ನೆಲಕ್ಕೆ ಎಳೆದ ಗೆರೆ ಪಾದದ ಕೀಲಿಗಿಂತ ಸ್ವಲ್ಪ ಮುಂದಕ್ಕೆ ಬೀಳುತ್ತದೆ. ಹಾಗಾಗಿ ದೇಹ ಸದಾ ಮುಂದಕ್ಕೆ ವಾಲುವ ಸ್ಥಿತಿಯಲ್ಲಿರುತ್ತದೆ, ಮೀನಖಂಡದ ಸ್ನಾಯು ಅದನ್ನು ಹಿಂದಕ್ಕೆ ಎಳೆದು ಹಿಡಿದಿರುತ್ತದೆ. ಈಗ ಕಣ್ಣು ತೆರೆದು, ಪಕ್ಕದಲ್ಲಿರುವವರಿಗೆ ನಿಮ್ಮ ಮೀನಖಂಡವನ್ನು ಮುಟ್ಟಿ ನೋಡಲು ಹೇಳಿ. ನೀವು ತುಸು ಮುಂದಕ್ಕೆ ವಾಲಿದರೆ ಅದು ಕಲ್ಲಿನಂತಾಗುತ್ತದೆ, ಹಿಂದಕ್ಕೆ ವಾಲಿದರೆ ಸಡಿಲವಾಗಿ, ಪಾದದ ಮೇಲ್ಭಾಗದ ನರಗಳಂತಹ ಹುರಿಗಳು ಎದ್ದು ಕಾಣುತ್ತವೆ. ಅವು ನರಗಳಲ್ಲ, ಸ್ನಾಯುರಜ್ಜುಗಳು.

ಅಲುಗಾಟ ಚಿಕ್ಕದಾಗಿದ್ದಾಗ ದೇಹವು ಪಾದದ ಕೀಲಿನಿಂದಲೇ ತಿದ್ದಿಕೊಳ್ಳುತ್ತದೆ. ಅಲುಗಾಟ ಹೆಚ್ಚಾದರೆ ಅಥವಾ ನಿಂತ ಜಾಗ ಕಿರಿದಾಗಿದ್ದರೆ ಸೊಂಟವನ್ನು ಬಳುಕಿಸುತ್ತದೆ; ಗದ್ದೆಯ ಬದುವಿನ ಮೇಲೆ ನಡೆಯುವವರ ಸೊಂಟವನ್ನು ನೋಡಿದರೆ ಇದು ಅರ್ಥವಾಗುತ್ತದೆ. ಅದೂ ಸಾಲದಾದಾಗ ಉಳಿಯುವುದು ಹೆಜ್ಜೆ ಮಾತ್ರ. ನಿಜಜೀವನದಲ್ಲಿ ಎಡವಿದವರನ್ನು ಕಾಪಾಡುವುದು ಹೆಚ್ಚಾಗಿ ಈ ಮೂರನೆಯದೇ, ಆದರೆ ವಯಸ್ಸಾದವರು ಅಭ್ಯಾಸ ತಪ್ಪಿಸಿಕೊಂಡಿರುವುದೂ ಇದನ್ನೇ. ಬೀಳುವ ಭಯದಿಂದ ಮೈ ಬಿಗಿಹಿಡಿದು, ಕಿರುಹೆಜ್ಜೆಯಲ್ಲಿ ನಡೆಯುವವರಿಗೆ ಬೇಕಾದ ಗಳಿಗೆಯಲ್ಲಿ ದೊಡ್ಡ ಹೆಜ್ಜೆ ಬರುವುದಿಲ್ಲ.

ಹಂತ 2: ದೇಹ ಮುಂಚಿತವಾಗಿ ಲೆಕ್ಕ ಹಾಕುವುದನ್ನು ಕಂಡುಕೊಳ್ಳಿ

ಎಡಗೈಯ ಮೇಲೆ ಒಂದು ತೆಂಗಿನಕಾಯಿ ಇಟ್ಟುಕೊಂಡು, ಕಣ್ಣು ಮುಚ್ಚಿ, ಇನ್ನೊಬ್ಬರಿಗೆ ಹೇಳದೆ ಕೇಳದೆ ಅದನ್ನು ತಟ್ಟನೆ ಎತ್ತಿಕೊಳ್ಳಲು ತಿಳಿಸಿ. ಕೈ ಮೇಲಕ್ಕೆ ಹಾರುತ್ತದೆ. ಈಗ ಅದೇ ಕಾಯಿಯನ್ನು ನಿಮ್ಮ ಬಲಗೈಯಿಂದ ನೀವೇ ಎತ್ತಿಕೊಳ್ಳಿ: ಎಡಗೈ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಬಲಗೈಗೆ ‘ಎತ್ತು’ ಎಂಬ ಆಜ್ಞೆ ಹೊರಡುವಾಗಲೇ ಎಡಗೈಗೆ ‘ಬಲ ಇಳಿಸು’ ಎಂಬ ಸಂದೇಶವೂ ಹೋಗಿರುತ್ತದೆ.

ನಿಲುವಿಗೂ ಈ ಲೆಕ್ಕಾಚಾರವೇ ಆಧಾರ. ಗೋಡೆಗೆ ಪಕ್ಕವಾಗಿ ನಿಂತು ಬಲಪಾದದ ಹೊರ ಅಂಚನ್ನೂ ಬಲಭುಜವನ್ನೂ ಗೋಡೆಗೆ ಒತ್ತಿ, ಆಮೇಲೆ ಎಡಗಾಲನ್ನು ಎತ್ತಲು ಪ್ರಯತ್ನಿಸಿ. ಎತ್ತಿ ನಿಲ್ಲಲು ಆಗುವುದಿಲ್ಲ. ಕಾಲೆತ್ತುವ ಮುನ್ನ ದೇಹದ ಭಾರವನ್ನು ಬಲಕ್ಕೆ ಸರಿಸಿಕೊಳ್ಳಬೇಕು, ಗೋಡೆ ಅದಕ್ಕೆ ಅಡ್ಡಿಯಾಗಿದೆ. ಪ್ರತಿ ಹೆಜ್ಜೆಯ ಹಿಂದೆಯೂ ಇಂತಹದೊಂದು ಗುಟ್ಟಿನ ಸಿದ್ಧತೆ ನಡೆದಿರುತ್ತದೆ. ಕೊಡ ಎತ್ತುವಾಗ, ಕಪಾಟಿನ ಮೇಲಿನ ಡಬ್ಬಿಗೆ ಕೈ ಚಾಚುವಾಗ ಕೈಯ ಸ್ನಾಯುವಿಗಿಂತ ಮೊದಲು ಕಾಲಿನ ಮತ್ತು ಬೆನ್ನಿನ ಸ್ನಾಯುಗಳು ಬಿಗಿಯುತ್ತವೆ.

ಈ ಮುನ್ನೆಣಿಕೆಯಲ್ಲಿ ತಲೆಯ ಹಿಂಭಾಗದ ಕೆಳಗಿರುವ ಕಿರುಮೆದುಳಿಗೆ ದೊಡ್ಡ ಪಾತ್ರವಿದೆ. ಅದು ಮೆದುಳಿನ ಗಾತ್ರದ ಹತ್ತನೇ ಒಂದು ಭಾಗದಷ್ಟಿದ್ದರೂ, ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿಯಷ್ಟು ಅಲ್ಲಿಯೇ ಇವೆ. ಆಗಬೇಕಾದ ಚಲನೆಗೂ ಆದ ಚಲನೆಗೂ ಇರುವ ವ್ಯತ್ಯಾಸವನ್ನು ಹೋಲಿಸಿ ಮುಂದಿನ ಸಲದ ಆಜ್ಞೆಯನ್ನು ತಿದ್ದುವುದು ಅದರ ಕೆಲಸ. ಅಭ್ಯಾಸದಲ್ಲಿ ಸ್ವಲ್ಪ ತಪ್ಪಾಗಲೇಬೇಕು, ತಪ್ಪಿಲ್ಲದಿದ್ದರೆ ತಿದ್ದಲು ಏನೂ ಇರುವುದಿಲ್ಲ ಎಂಬುದು ಐದನೇ ಹಂತಕ್ಕೆ ಬಹಳ ಮುಖ್ಯ.

ಹಂತ 3: ಮೂರು ಸುದ್ದಿಮೂಲಗಳನ್ನು ಒಂದೊಂದಾಗಿ ಪರೀಕ್ಷಿಸಿ

ದೇಹ ಎಲ್ಲಿದೆ, ಎತ್ತ ವಾಲುತ್ತಿದೆ ಎಂಬ ಸುದ್ದಿ ಮೆದುಳಿಗೆ ಮೂರು ಕಡೆಯಿಂದ ಬರುತ್ತದೆ: ಕಣ್ಣು, ಒಳಕಿವಿ, ಮತ್ತು ಅಂಗಾಲು ಹಾಗೂ ಸ್ನಾಯು-ಕೀಲುಗಳು. ಆರೋಗ್ಯವಂತರು ಬೆಳಕಿರುವ ಕೋಣೆಯ ಗಟ್ಟಿ ನೆಲದ ಮೇಲೆ ನಿಂತಾಗ ಸುಮಾರು ಶೇ 70ರಷ್ಟು ಅಂಗಾಲು-ಕೀಲುಗಳನ್ನೂ, ಶೇ 20ರಷ್ಟು ಒಳಕಿವಿಯನ್ನೂ, ಶೇ 10ರಷ್ಟು ಮಾತ್ರ ಕಣ್ಣನ್ನೂ ನೆಚ್ಚಿಕೊಂಡಿರುತ್ತಾರೆ ಎಂಬುದು ಈ ಕ್ಷೇತ್ರದ ಸಂಶೋಧಕರ ಅಂದಾಜು. ನೆಲ ಮೆತ್ತಗಾದರೆ ಅಥವಾ ಕತ್ತಲಾದರೆ ಈ ಲೆಕ್ಕ ತಕ್ಷಣ ಬದಲಾಗುತ್ತದೆ.

ಪರೀಕ್ಷೆ ಹೀಗಿದೆ. ಪಾದ ಜೋಡಿಸಿ, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಪ್ರತಿ ಬಾರಿಯೂ 30 ಸೆಕೆಂಡು ನಿಲ್ಲಿ: ಮೊದಲು ಗಟ್ಟಿ ನೆಲದ ಮೇಲೆ ಕಣ್ಣು ತೆರೆದು, ನಂತರ ಕಣ್ಣು ಮುಚ್ಚಿ, ಆಮೇಲೆ ಮಡಚಿದ ಹಾಸಿಗೆ ಅಥವಾ ದಪ್ಪ ಸ್ಪಂಜಿನ ಮೇಲೆ ಕಣ್ಣು ತೆರೆದು, ಕೊನೆಗೆ ಅಲ್ಲಿಯೇ ಕಣ್ಣು ಮುಚ್ಚಿ. ಗಟ್ಟಿ ನೆಲದಲ್ಲಿ ಕಣ್ಣು ಮುಚ್ಚಿದೊಡನೆ ತೀರಾ ವಾಲಾಡಿದರೆ ಅಂಗಾಲು ಮತ್ತು ಕೀಲುಗಳಿಂದ ಬರುವ ಸುದ್ದಿ ದುರ್ಬಲವಾಗಿದೆ ಎಂಬ ಶಂಕೆ ಮೂಡುತ್ತದೆ. ಉಳಿದ ಮೂರನ್ನೂ ಮುಗಿಸಿ, ಮೆತ್ತನೆ ನೆಲದ ಮೇಲೆ ಕಣ್ಣು ಮುಚ್ಚಿದಾಗ ಮಾತ್ರ ಬೀಳುವಂತಾದರೆ ಒಳಕಿವಿಯ ಕಡೆಗೆ ನೋಡಬೇಕಾಗುತ್ತದೆ, ಏಕೆಂದರೆ ಆ ಸ್ಥಿತಿಯಲ್ಲಿ ನೆಚ್ಚಲು ಉಳಿದಿರುವುದು ಅದೊಂದೇ. ಇದು ಸುಳಿವು, ರೋಗನಿರ್ಣಯವಲ್ಲ.

*ಅಂಗಾಲು ಮತ್ತು ಕೀಲುಗಳು.* ಮೂರರಲ್ಲಿ ನಾವು ಅತಿ ಕಡಿಮೆ ಗಮನಿಸುವುದು ಇದನ್ನೇ. ಸ್ನಾಯುವಿನೊಳಗಿನ ಕದಿರಿನಾಕಾರದ ಸಂವೇದಕಗಳು ಸ್ನಾಯು ಎಷ್ಟು ಹಿಗ್ಗಿತು, ಎಷ್ಟು ಬೇಗ ಹಿಗ್ಗಿತು ಎಂಬುದನ್ನು ಬೆನ್ನುಹುರಿಗೆ ತಿಳಿಸುತ್ತವೆ. ಡಾಕ್ಟರು ಮೊಣಕಾಲಿನ ಕೆಳಗೆ ಸುತ್ತಿಗೆಯಿಂದ ತಟ್ಟಿದಾಗ ಕಾಲು ಚಿಮ್ಮುವುದು ಈ ದಾರಿಯಿಂದಲೇ, ಮೆದುಳಿನ ಅಪ್ಪಣೆಗೆ ಕಾಯದೆ. ಈ ಸಂವೇದನೆ ಇಲ್ಲವಾದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಇಯಾನ್ ವಾಟರ್‌ಮನ್ ಅವರ ಪ್ರಸಂಗವಿದೆ. 1971ರಲ್ಲಿ, 19ನೇ ವಯಸ್ಸಿನಲ್ಲಿ, ಸೋಂಕಿನ ಬಳಿಕ ಅವರಿಗೆ ಕುತ್ತಿಗೆಯಿಂದ ಕೆಳಗೆ ಸ್ಪರ್ಶಜ್ಞಾನ ಮತ್ತು ಅಂಗಗಳ ನೆಲೆಯ ಅರಿವು ಎರಡೂ ಹೋದವು. ಸ್ನಾಯುಗಳಿಗೆ ಆಜ್ಞೆ ಒಯ್ಯುವ ನರಗಳು ಸರಿಯಾಗಿದ್ದರೂ ಅವರಿಗೆ ಎದ್ದು ಕೂರಲೂ ಆಗಲಿಲ್ಲ. ಕಣ್ಣಿನಿಂದ ಪ್ರತಿಯೊಂದು ಅಂಗವನ್ನೂ ನೋಡುತ್ತಾ, ಪ್ರತಿಯೊಂದು ಚಲನೆಯನ್ನೂ ಯೋಚಿಸಿ ಮಾಡುತ್ತಾ ಅವರು ಮತ್ತೆ ನಡೆಯಲು ಕಲಿತರು, ಆದರೆ ದೀಪ ಆರಿದರೆ ಕುಸಿಯುತ್ತಿದ್ದರು.

ನಮ್ಮಲ್ಲಿ ಈ ಸಂವೇದನೆ ನಿಧಾನವಾಗಿ ಮಂಕಾಗುವುದಕ್ಕೆ ಎರಡು ಸಾಮಾನ್ಯ ಕಾರಣಗಳೆಂದರೆ ಹಲವು ವರ್ಷಗಳ ಸಕ್ಕರೆ ಕಾಯಿಲೆ ಮತ್ತು ವಿಟಮಿನ್ ಬಿ12 ಕೊರತೆ. ಮಾಂಸ, ಮೊಟ್ಟೆ ತಿನ್ನದೆ, ಹಾಲು ಮೊಸರನ್ನೂ ಕಡಿಮೆ ಮಾಡಿರುವ ಹಿರಿಯರು ಬಿ12 ಪ್ರಮಾಣವನ್ನು ಒಮ್ಮೆ ರಕ್ತಪರೀಕ್ಷೆಯಲ್ಲಿ ನೋಡಿಸಿಕೊಳ್ಳುವುದು ಒಳ್ಳೆಯದು; ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ತೆಗೆದುಕೊಂಡವರಿಗೂ ಈ ಮಾತು ಅನ್ವಯಿಸುತ್ತದೆ. ಮನೆಯಲ್ಲಿ ನೋಡುವುದಾದರೆ, ಅವರು ಕಣ್ಣು ಮುಚ್ಚಿರುವಾಗ ಕಾಲಿನ ಹೆಬ್ಬೆರಳನ್ನು ಎರಡು ಪಕ್ಕಗಳಲ್ಲಿ ಹಿಡಿದು ತುಸು ಮೇಲಕ್ಕೋ ಕೆಳಕ್ಕೋ ಸರಿಸಿ, ಯಾವ ಕಡೆಗೆ ಎಂದು ಕೇಳಿ. ಪದೇ ಪದೇ ತಪ್ಪು ಹೇಳಿದರೆ ವೈದ್ಯರ ಬಳಿ ಕರೆದುಕೊಂಡು ಹೋಗಿ.

ಕಣ್ಣು ಮುಚ್ಚಿಸಿ ನಿಲ್ಲಿಸುವ ಈ ಪರೀಕ್ಷೆಗೆ 19ನೇ ಶತಮಾನದ ಬರ್ಲಿನ್ ವೈದ್ಯ ಮೊರಿಟ್ಸ್ ರೋಂಬರ್ಗ್ ಅವರ ಹೆಸರಿದೆ. ಬೆನ್ನುಹುರಿ ಹಾಳಾದವರು ಮುಖ ತೊಳೆಯಲು ಕಣ್ಣು ಮುಚ್ಚಿದಾಗ ವಾಲುತ್ತಾರೆಂಬುದು ವೈದ್ಯರಿಗೆ ಬಹುಕಾಲದಿಂದ ಗೊತ್ತಿರುವ ಲಕ್ಷಣ. ನಮ್ಮ ಬಚ್ಚಲುಮನೆಯನ್ನು ಈ ಕಣ್ಣಿನಿಂದ ನೋಡಿ: ಸೋಪು ಹಚ್ಚಿ ಕಣ್ಣು ಮುಚ್ಚಿ, ನೀರು ಬಿದ್ದ ಜಾರುವ ನೆಲದ ಮೇಲೆ, ತಲೆ ಬಗ್ಗಿಸಿ ಚೊಂಬಿನಿಂದ ನೀರು ಹೊಯ್ದುಕೊಳ್ಳುವಾಗ ಮೂರು ಮೂಲಗಳೂ ಒಟ್ಟಿಗೆ ಕೈಕೊಡುತ್ತವೆ. ಹಿರಿಯರು ಸ್ಟೂಲಿನ ಮೇಲೆ ಕುಳಿತು ಸ್ನಾನ ಮಾಡಬೇಕೆಂದು ಹೇಳುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

*ಒಳಕಿವಿ.* ಪ್ರತಿ ಕಿವಿಯೊಳಗೂ ಒಂದಕ್ಕೊಂದು ಹೆಚ್ಚುಕಡಿಮೆ ಲಂಬಕೋನದಲ್ಲಿರುವ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿದಾಗ ಒಳಗಿನ ದ್ರವ ಹಿಂದೆ ಉಳಿದು, ಸೂಕ್ಷ್ಮ ರೋಮಕೋಶಗಳನ್ನು ಬಾಗಿಸುತ್ತದೆ. ಪಕ್ಕದಲ್ಲಿರುವ ಎರಡು ಚೀಲಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಹರಳುಗಳಿದ್ದು, ಅವು ಗುರುತ್ವದ ದಿಕ್ಕನ್ನೂ ಮುಂದೆ-ಹಿಂದೆ ಸಾಗುವ ವೇಗದ ಬದಲಾವಣೆಯನ್ನೂ ತಿಳಿಸುತ್ತವೆ. ಈ ಅಂಗದ ಅಧ್ಯಯನಕ್ಕಾಗಿ ರಾಬರ್ಟ್ ಬಾರಾನಿ ಅವರಿಗೆ 1914ರ ನೊಬೆಲ್ ಬಹುಮಾನ ಸಂದಿತು.

ಇದರ ಕೆಲಸವನ್ನು ಕಾಣಲು ಪತ್ರಿಕೆಯೊಂದನ್ನು ಕೈಯಳತೆಯಲ್ಲಿ ಹಿಡಿದು, ಸೆಕೆಂಡಿಗೆ ಎರಡು ಬಾರಿ ಎಡಬಲಕ್ಕೆ ಅಲ್ಲಾಡಿಸಿ ಓದಲು ನೋಡಿ, ಅಕ್ಷರ ಕಲಸಿಹೋಗುತ್ತದೆ. ಈಗ ಪತ್ರಿಕೆಯನ್ನು ಸ್ಥಿರವಾಗಿ ಹಿಡಿದು ತಲೆಯನ್ನು ಅಷ್ಟೇ ವೇಗದಲ್ಲಿ ಅಲ್ಲಾಡಿಸಿ, ಓದಲು ಬರುತ್ತದೆ. ಎರಡನೆಯ ಸಲ ಒಳಕಿವಿಯು ತಲೆಯ ಚಲನೆಯನ್ನು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಸಮಯದಲ್ಲಿ ಕಣ್ಣಿನ ಸ್ನಾಯುಗಳಿಗೆ ದಾಟಿಸಿ, ಕಣ್ಣುಗುಡ್ಡೆಯನ್ನು ವಿರುದ್ಧ ದಿಕ್ಕಿಗೆ ತಿರುಗಿಸುತ್ತದೆ. ತಲೆ ಅಲುಗಿದಾಗಲೂ ಅಕ್ಷರ ಕಲಸಿಹೋದರೆ ಅದನ್ನು ಬರೆದಿಟ್ಟುಕೊಳ್ಳಿ. ತಲೆಯನ್ನು ಸ್ಥಿರವಾಗಿಟ್ಟರೆ ಕಣ್ಣು ಮತ್ತು ಕಿವಿ ಎರಡರ ಕೆಲಸವೂ ಹಗುರಾಗುತ್ತದೆ: ಸಿಂಬೆಯ ಮೇಲೆ ಕೊಡ ಹೊತ್ತು ನಡೆಯುವ ಹೆಂಗಸರಲ್ಲೂ, ಕೈ ತಾಗಿಸದೆ ತಲೆಯ ಮೇಲೆ ಕರಗ ಹೊತ್ತು ಬೆಂಗಳೂರಿನ ಬೀದಿಗಳಲ್ಲಿ ಸಾಗುವವರಲ್ಲೂ ಸೊಂಟದಿಂದ ಕೆಳಗೆ ಎಷ್ಟೇ ಚಲನೆಯಿದ್ದರೂ ತಲೆ ಮಾತ್ರ ತೇಲುವಂತೆ ಸಾಗುತ್ತದೆ.

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಅಥವಾ ತಲೆಯೆತ್ತಿ ಅಟ್ಟದತ್ತ ನೋಡಿದಾಗ ಕೋಣೆಯೇ ಗಿರ್ರನೆ ತಿರುಗಿ ಒಂದು ನಿಮಿಷದೊಳಗೆ ನಿಂತುಹೋಗುವ ತಲೆಸುತ್ತು ಬಹಳ ಮಂದಿಗೆ ಬರುತ್ತದೆ. ಆ ಹರಳುಗಳು ಸಡಿಲಗೊಂಡು ನಾಳದೊಳಗೆ ಸೇರಿಕೊಳ್ಳುವುದೇ ಇದಕ್ಕೆ ಕಾರಣ. ಇದನ್ನು ‘ಪಿತ್ತ’ವೆಂದೋ ‘ಬಿಪಿ’ಯೆಂದೋ ತಿಳಿದು ವಾರಗಟ್ಟಲೆ ಮಾತ್ರೆ ನುಂಗುವವರಿದ್ದಾರೆ. ಅಮೆರಿಕದ ವೈದ್ಯ ಜಾನ್ ಎಪ್ಲಿ ರೂಪಿಸಿದ, ತಲೆಯನ್ನು ಕ್ರಮವಾಗಿ ತಿರುಗಿಸಿ ಹರಳುಗಳನ್ನು ಮೊದಲಿನ ಜಾಗಕ್ಕೆ ಸರಿಸುವ ವಿಧಾನದಿಂದ ಅನೇಕರಿಗೆ ಒಂದೆರಡು ಬಾರಿಯಲ್ಲೇ ಗುಣವಾಗುತ್ತದೆ. ಯಾವ ಕಿವಿ, ಯಾವ ನಾಳ ಎಂಬುದನ್ನು ಮೊದಲು ಗುರುತಿಸಬೇಕಾದ್ದರಿಂದ, ವಿಡಿಯೊ ನೋಡಿ ಮಾಡಿಕೊಳ್ಳುವುದಕ್ಕಿಂತ ಮೊದಲ ಸಲ ಕಿವಿ-ಮೂಗು-ಗಂಟಲು ತಜ್ಞರಿಂದ ಮಾಡಿಸಿಕೊಳ್ಳುವುದೇ ಸರಿ.

*ಕಣ್ಣು.* ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ. ಓದುವ ಭಾಗ ಕೆಳಗಿರುವ ಬೈಫೋಕಲ್ ಕನ್ನಡಕದಲ್ಲಿ ಮೆಟ್ಟಿಲಿನ ಅಂಚು ಮಸುಕಾಗುತ್ತದೆ. ಇಳಿಯುವಾಗ ಗಲ್ಲವನ್ನು ತಗ್ಗಿಸಿ ಮೇಲಿನ ಭಾಗದಿಂದ ನೋಡಬೇಕು.

ಹಂತ 4: ಅಳೆದು ಬರೆದಿಡಿ

ನಾಲ್ಕು ನಿಲುವುಗಳನ್ನು ಕಣ್ಣು ತೆರೆದೇ ತಲಾ 10 ಸೆಕೆಂಡು ಮಾಡಿ: ಪಾದಗಳು ಅಕ್ಕಪಕ್ಕ, ಒಂದು ಪಾದದ ಹೆಬ್ಬೆರಳು ಇನ್ನೊಂದರ ಒಳಬದಿಗೆ ತಾಗುವಂತೆ, ಒಂದರ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಒಂದೇ ಸಾಲಿನಲ್ಲಿ, ಕೊನೆಗೆ ಒಂಟಿಕಾಲಲ್ಲಿ. ಮೂರನೆಯ ನಿಲುವನ್ನು 10 ಸೆಕೆಂಡು ಹಿಡಿಯಲಾಗದ ಹಿರಿಯರಿಗೆ ಬೀಳುವ ಅಪಾಯ ಹೆಚ್ಚು.

ನಂತರ ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು ಹಿಡಿಯುವ ಸಮಯವನ್ನು ಮೊಬೈಲಿನಲ್ಲಿ ನೋಡಿ. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚಾದರೆ ಎಚ್ಚರ ಬೇಕು. ಕೊನೆಯದಾಗಿ, ಕೈಗಳನ್ನು ಎದೆಗೆ ಕಟ್ಟಿ 30 ಸೆಕೆಂಡಿನಲ್ಲಿ ಎಷ್ಟು ಬಾರಿ ಕುರ್ಚಿಯಿಂದ ಎದ್ದು ಕೂರಬಲ್ಲಿರಿ ಎಂದು ಎಣಿಸಿ. 60ರಿಂದ 64 ವಯಸ್ಸಿನ ಗಂಡಸರು 14ಕ್ಕಿಂತ, ಹೆಂಗಸರು 12ಕ್ಕಿಂತ ಕಡಿಮೆ ಎದ್ದರೆ ಸರಾಸರಿಗಿಂತ ಕೆಳಗಿದ್ದಾರೆಂದು ಅರ್ಥ. 70ರಿಂದ 74ರವರಿಗೆ ಈ ಸಂಖ್ಯೆ ಕ್ರಮವಾಗಿ 12 ಮತ್ತು 10.

ಇನ್ನೊಂದು ಪರೀಕ್ಷೆಗೆ ಗಡಿಯಾರವೂ ಬೇಡ. ಮನೆಯ ಹಿರಿಯರೊಡನೆ ನಡೆಯುತ್ತಾ ಏನಾದರೂ ಪ್ರಶ್ನೆ ಕೇಳಿ. ಉತ್ತರಿಸಲು ಪ್ರತಿ ಸಲವೂ ನಿಂತುಬಿಟ್ಟರೆ, ನಡಿಗೆಯೇ ಅವರ ಗಮನವನ್ನೆಲ್ಲ ನುಂಗುತ್ತಿದೆ ಎಂದು ತಿಳಿಯಬೇಕು.

ಹಂತ 5: ಹನ್ನೆರಡು ವಾರಗಳ ಅಭ್ಯಾಸ

ವೈದ್ಯಕೀಯ ಪ್ರಯೋಗಗಳ ಫಲಿತಾಂಶಗಳನ್ನು ಒರೆಹಚ್ಚುವ ಕಾಕ್ರೇನ್ ಸಂಸ್ಥೆಯ 2019ರ ಪರಿಶೀಲನೆಯು 108 ಪ್ರಯೋಗಗಳನ್ನು ಒಟ್ಟುಗೂಡಿಸಿ, ವ್ಯಾಯಾಮದಿಂದ ಹಿರಿಯರ ಬೀಳುವಿಕೆ ಸುಮಾರು ಶೇ 23ರಷ್ಟು ತಗ್ಗುತ್ತದೆ ಎಂದು ತೋರಿಸಿದೆ. ಆದರೆ ಯಾವ ವ್ಯಾಯಾಮವಾದರೂ ಆಗುತ್ತದೆಂದಲ್ಲ. ಬೆಳಗಿನ ವಾಕಿಂಗ್ ಹೃದಯಕ್ಕೆ ಹಿತವಾದರೂ ಸಮತೋಲನವನ್ನು ಕೆಣಕುವುದಿಲ್ಲ. ವಾಲಾಡುವಷ್ಟು ಕಷ್ಟ, ಬೀಳದಷ್ಟು ಸುರಕ್ಷಿತ: ಅಭ್ಯಾಸ ಈ ಎರಡರ ನಡುವೆ ಇರಬೇಕು, ವಾರಕ್ಕೆ ಒಟ್ಟು ಮೂರು ಗಂಟೆಯಾದರೂ ಆಗಬೇಕು.

ಮೊದಲ ಎರಡು ವಾರ ಅಡುಗೆಮನೆಯ ಕಟ್ಟೆಯನ್ನು ಬೆರಳ ತುದಿಯಿಂದ ಮುಟ್ಟಿ ನಿಂತು, ಹಿಮ್ಮಡಿ ಎತ್ತಿ ಇಳಿಸುವುದು ಹತ್ತು ಬಾರಿ, ಒಂದೇ ಸಾಲಿನ ನಿಲುವು ತಲಾ 30 ಸೆಕೆಂಡು, ಕುರ್ಚಿಯಿಂದ ಎದ್ದು ಕೂರುವುದು ಹತ್ತು ಬಾರಿ ಮಾಡಿ. ಹತ್ತಿರದ ಒಲೆ ಉರಿಯುತ್ತಿರಬಾರದು. ಬೆರಳು ಒತ್ತಬಾರದು, ತಾಕಿದರೆ ಸಾಕು. 100 ಗ್ರಾಂ ಭಾರಕ್ಕಿಂತ ಕಡಿಮೆ ಒತ್ತಡದ ಸ್ಪರ್ಶವೂ ತೂಗಾಟವನ್ನು ಕಡಿಮೆ ಮಾಡುತ್ತದೆ, ಏಕೆಂದರೆ ಆ ಬೆರಳು ಮೆದುಳಿಗೆ ಸುದ್ದಿ ಕೊಡುವ ಇನ್ನೊಂದು ಮೂಲವಾಗುತ್ತದೆ. ಊರುಗೋಲು ಹಿಡಿಯಲು ನಾಚುವವರಿಗೆ ಈ ಮಾತನ್ನು ಹೇಳಿ ನೋಡಿ.

ಮೂರರಿಂದ ಐದನೇ ವಾರದವರೆಗೆ ಬೆರಳನ್ನು ತೆಗೆಯಿರಿ. ಟೈಲ್ಸ್‌ನ ಸಂದಿಯ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗುವಂತೆ ಹತ್ತು ಹೆಜ್ಜೆ ನಡೆಯಿರಿ, ಅಷ್ಟೇ ಹೆಜ್ಜೆ ಪಕ್ಕಕ್ಕೆ ಹಾಕಿ. ಹಲ್ಲುಜ್ಜುವಾಗ ಒಂದು ಕೈ ಬೇಸಿನ್ ಹತ್ತಿರವಿಟ್ಟು ಒಂಟಿಕಾಲಲ್ಲಿ ನಿಲ್ಲಬಹುದು.

ಆರರಿಂದ ಎಂಟನೇ ವಾರದಲ್ಲಿ ಮಡಚಿದ ಕೌದಿ ಅಥವಾ ಜಮಖಾನದ ಮೇಲೆ ಅದೇ ನಿಲುವುಗಳನ್ನು ಮಾಡಿ, ನಡೆಯುವಾಗ ತಲೆಯನ್ನು ಎಡಬಲಕ್ಕೆ ತಿರುಗಿಸಿ. ತಲೆ ತಿರುಗಿಸಿದಾಗ ಹೆಜ್ಜೆ ದಾರಿ ಬಿಟ್ಟು ಸರಿಯುವುದು ಸಹಜ. ಎರಡು ವಾರದಲ್ಲಿ ಅದು ಕಡಿಮೆಯಾಗುತ್ತದೆ.

ಒಂಬತ್ತರಿಂದ ಹನ್ನೆರಡನೇ ವಾರ ಹೆಜ್ಜೆಗಾಗಿ ಮೀಸಲು. ಪಕ್ಕದಲ್ಲಿರುವವರು ‘ಮುಂದೆ’, ‘ಎಡಕ್ಕೆ’, ‘ಹಿಂದೆ’ ಎಂದು ಕೂಗಿದೊಡನೆ ಆ ಕಡೆಗೆ ದೊಡ್ಡ ಹೆಜ್ಜೆಯಿಟ್ಟು ಹಿಂತಿರುಗಬೇಕು. ಅದು ಹಿಡಿತಕ್ಕೆ ಬಂದ ಮೇಲೆ ಹದಿಮೂರರ ಮಗ್ಗಿ ಹೇಳುತ್ತಾ ಮಾಡಿ. ಮಗ್ಗಿ ತಪ್ಪಿದರೂ ಚಿಂತೆಯಿಲ್ಲ, ಹೆಜ್ಜೆ ತಪ್ಪಬಾರದು.

ಯೋಗ ಮಾಡುವವರು ವೃಕ್ಷಾಸನ ಸಾಲದೇ ಎಂದು ಕೇಳುತ್ತಾರೆ. ಅದು ಒಳ್ಳೆಯದೇ, ಆದರೆ ಎದುರಿನ ಒಂದು ಬಿಂದುವಿನಲ್ಲಿ ದೃಷ್ಟಿ ನೆಟ್ಟು ಅಲುಗದೆ ನಿಲ್ಲುವುದರಲ್ಲಿ ಕಣ್ಣಿನ ಪಾಲು ದೊಡ್ಡದು. ಜನರು ಬೀಳುವುದು ನಡೆಯುವಾಗ, ತಿರುಗುವಾಗ, ಏಳುವಾಗ. ಆಸನದ ಜೊತೆಗೆ ಚಲನೆಯೂ ಬೇಕು.

ನೆಲದಿಂದ ಏಳುವುದನ್ನೂ ಈ ವಾರಗಳಲ್ಲೇ ಕಲಿಯಿರಿ. ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಅಂಬೆಗಾಲಿಗೆ ಬನ್ನಿ. ಮಂಚ ಅಥವಾ ಗಟ್ಟಿ ಕುರ್ಚಿಯವರೆಗೆ ತೆವಳಿ, ಎರಡೂ ಕೈಗಳನ್ನು ಅದರ ಮೇಲಿಟ್ಟು, ಬಲವಿರುವ ಕಾಲಿನ ಪಾದವನ್ನು ಮುಂದೆ ಊರಿ, ಒತ್ತಿ ಎದ್ದು, ತಿರುಗಿ ಕುಳಿತುಕೊಳ್ಳಿ. ನಿಜವಾಗಿ ಬಿದ್ದಾಗ ಎಲ್ಲಿಯಾದರೂ ಮುರಿದಂತೆ ನೋವಿದ್ದರೆ ಮಾತ್ರ ಏಳಲು ಹೋಗದೆ ಸಹಾಯಕ್ಕೆ ಕರೆಯಬೇಕು.

ಹಂತ 6: ಮನೆ, ಮಾತ್ರೆ, ರಾತ್ರಿ

ಕಾಲೊರಸು ಜಾರದಂತಿರಲಿ, ಹೊಸ್ತಿಲಿಗೆ ಬೇರೆ ಬಣ್ಣದ ಪಟ್ಟಿ ಇರಲಿ, ಮಂಚದಿಂದ ಶೌಚಾಲಯದವರೆಗೆ ರಾತ್ರಿ ದೀಪವಿರಲಿ, ಸವೆದ ಹವಾಯಿ ಚಪ್ಪಲಿ ಕಸಕ್ಕೆ ಹೋಗಲಿ. ರಾತ್ರಿ ಎದ್ದಾಗ ಮಂಚದ ಅಂಚಿನಲ್ಲಿ ಒಂದು ನಿಮಿಷ ಕುಳಿತು, ಪಾದಗಳನ್ನು ಹತ್ತು ಬಾರಿ ಆಡಿಸಿ, ಆಮೇಲೆ ನಿಲ್ಲಬೇಕು. ಮಲಗಿದ್ದಾಗಿನ ರಕ್ತದೊತ್ತಡಕ್ಕಿಂತ ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರಿಗೆ ತಿಳಿಸಿ. ಬಿಪಿ, ನಿದ್ರೆ, ಖಿನ್ನತೆಯ ಮಾತ್ರೆಗಳ ಪ್ರಮಾಣವನ್ನು ಅವರೇ ಸರಿಪಡಿಸುತ್ತಾರೆ. ನೀವಾಗಿ ನಿಲ್ಲಿಸಬೇಡಿ.

ತಲೆಸುತ್ತು ಏಕಾಏಕಿ ಬಂದು ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಒಂದು ಬದಿ ಸೋತರೆ ಅಥವಾ ಕೂರಲೂ ಆಗದಂತೆ ವಾಲಿದರೆ ಅದು ಪಾರ್ಶ್ವವಾಯುವಿನ ಸೂಚನೆಯಾಗಿರಬಹುದು. ತಡಮಾಡದೆ 108ಕ್ಕೆ ಕರೆ ಮಾಡಿ. ನಡೆಯುವಾಗ ಒಂದು ಕೈ ಬೀಸದಿರುವುದು, ಹೆಜ್ಜೆ ನೆಲಕ್ಕೆ ಅಂಟಿದಂತಾಗುವುದು ತಿಂಗಳುಗಳಲ್ಲಿ ಮೆಲ್ಲನೆ ಬಂದಿದ್ದರೆ ಪಾರ್ಕಿನ್ಸನ್ ಕಾಯಿಲೆಯ ಸಾಧ್ಯತೆಯನ್ನು ನರರೋಗ ತಜ್ಞರು ನೋಡಬೇಕು.

ಹನ್ನೆರಡು ವಾರ ಮುಗಿದ ದಿನ ನಾಲ್ಕನೇ ಹಂತದ ಅಳತೆಗಳನ್ನು ಅದೇ ಕುರ್ಚಿಯಲ್ಲಿ, ಅದೇ ಹೊತ್ತಿನಲ್ಲಿ ಮತ್ತೆ ತೆಗೆದು ಹಳೆಯ ಅಂಕಿಗಳ ಪಕ್ಕದಲ್ಲಿ ಬರೆಯಿರಿ. ಸುಧಾರಿಸಿದ್ದರೆ ಕೊನೆಯ ನಾಲ್ಕು ವಾರಗಳ ಅಭ್ಯಾಸವನ್ನೇ ಮುಂದುವರಿಸಬೇಕು, ಬಿಟ್ಟರೆ ಗಳಿಸಿದ್ದು ಉಳಿಯುವುದಿಲ್ಲ. ಅಂಕಿ ಕದಲದಿದ್ದರೆ ಆ ಹಾಳೆಯನ್ನು ಹಿಡಿದುಕೊಂಡು ಫಿಸಿಯೊಥೆರಪಿಸ್ಟರ ಬಳಿ ಹೋಗಿ. ಯಾವ ಪರೀಕ್ಷೆಯಲ್ಲಿ ಎಷ್ಟು ಸೆಕೆಂಡು, ಯಾವ ಕಾಲಿನಲ್ಲಿ, ಕಣ್ಣು ಮುಚ್ಚಿದ್ದಾಗಲೋ ತೆರೆದಿದ್ದಾಗಲೋ ಎಂಬ ವಿವರ ಅದರಲ್ಲಿದ್ದರೆ ಅವರ ಕೆಲಸ ಅರ್ಧ ಮುಗಿದಂತೆಯೇ.